ಇವಾನ್ ಪಾವ್ಲೋವ್ ಮತ್ತು ಮಿದುಳಿನ ಕಾವಲುಗಾರ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ—ಈ ಸೀಮೆಯ ಯಾವ ಶಾಲೆಗೆ ಹೋಗಿ ಉಪಾಧ್ಯಾಯರೊಬ್ಬರನ್ನು ಪಾವ್ಲೋವ್ ಯಾರೆಂದು ಕೇಳಿದರೂ ಉತ್ತರ ತಡವಾಗದು. ಶಿಕ್ಷಕರ ತರಬೇತಿಯಲ್ಲಿ ಮನಶ್ಶಾಸ್ತ್ರದ ಪಾಠವನ್ನು ಓದಿದವರಿಗೆಲ್ಲ ಪರಿಚಿತವಾದ ಹೆಸರು ಅದು. ಗಂಟೆಯ ಸದ್ದು ಕೇಳಿದೊಡನೆ ನಾಯಿಯ ಬಾಯಲ್ಲಿ ಜೊಲ್ಲು ಸುರಿಯಿತೆಂಬುದೂ, ಅದರಿಂದ ಕಲಿಕೆಯ ತತ್ತ್ವವೊಂದು ಹೊರಬಿದ್ದಿತೆಂಬುದೂ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದ ಸಂಗತಿಗಳು. ಆದರೆ ೮೬ ವರ್ಷಗಳ ತುಂಬುಬಾಳನ್ನು ಬಾಳಿದ ವಿಜ್ಞಾನಿಯೊಬ್ಬರನ್ನು ಒಂದು ಗಂಟೆ, ಒಂದು ನಾಯಿ, ಒಂದಿಷ್ಟು ಜೊಲ್ಲು ಎಂಬ ಮೂರು ಮಾತುಗಳಲ್ಲಿ ಮುಗಿಸಿಬಿಡುವುದು ನ್ಯಾಯವಲ್ಲ. ಆ ಪ್ರಸಿದ್ಧ ಪ್ರಯೋಗಗಳಿಗೆ ಸುಮಾರು ಹತ್ತು ವರ್ಷ ಮೊದಲೇ ಪಾವ್ಲೋವರು ತಮ್ಮ ಸಹೋದ್ಯೋಗಿಗಳೊಡನೆ ಇನ್ನೊಂದು ಸತ್ಯವನ್ನು ಕಂಡಿದ್ದರು. ಮಿದುಳನ್ನು ಕಾಯುವ ಕಾವಲುಗಾರ ತಲೆಬುರುಡೆಯೊಳಗಿಲ್ಲ. ಹೊಟ್ಟೆಯ ಬಲಮಗ್ಗುಲಲ್ಲಿ, ಪಕ್ಕೆಲುಬಿನ ಮರೆಯಲ್ಲಿ ಕುಳಿತಿದ್ದಾನೆ ಎಂಬುದೇ ಆ ಸತ್ಯ. ಯಕೃತ್ತು ಎಂದು ಗ್ರಂಥಗಳೂ ಈಲಿ ಎಂದು ಆಡುಮಾತೂ ಕರೆಯುವ ಅಂಗವೇ ಆ ಕಾವಲುಗಾರ.

ಕಾಮಾಲೆಯಾದ ರೋಗಿಯ ಬುದ್ಧಿ ಮಂಕಾದಾಗ ಇಂದಿನ ವೈದ್ಯರು ಏಕೆ ಗಾಬರಿಗೊಳ್ಳುತ್ತಾರೆ, ಆ ಮಿದುಳನ್ನು ಉಳಿಸಿಕೊಳ್ಳಲು ಏನೇನು ಮಾಡುತ್ತಾರೆ ಎಂಬುದರ ಮೂಲವನ್ನು ಹುಡುಕಿಕೊಂಡು ಹೊರಟರೆ ನಾವು ಪಾವ್ಲೋವರ ಆ ಹಳೆಯ ಪ್ರಯೋಗಶಾಲೆಯನ್ನು ಮುಟ್ಟುತ್ತೇವೆ. ಅವರ ಜೀವನವನ್ನು ಆ ದಾರಿಯಲ್ಲಿ ಒಮ್ಮೆ ನೋಡುವುದು ಉಚಿತವಾದೀತು.

ಇವಾನ್ ಪೆಟ್ರೋವಿಚ್ ಪಾವ್ಲೋವ್ ಹುಟ್ಟಿದ್ದು ೧೮೪೯ರ ಸೆಪ್ಟೆಂಬರ್ ೨೬ರಂದು, ಮಾಸ್ಕೋ ನಗರಕ್ಕೆ ಆಗ್ನೇಯದಲ್ಲಿರುವ ರ್‍ಯಜಾನ್ ಎಂಬ ಊರಿನಲ್ಲಿ. ತಂದೆ ಕ್ರೈಸ್ತ ದೇವಾಲಯವೊಂದರ ಪುರೋಹಿತರು. ದೊಡ್ಡ ಸಂಸಾರ, ಹಿರಿಯ ಮಗ ಇವಾನ್. ಸೇಬಿನ ಹಣ್ಣುಗಳನ್ನು ಒಣಗಲು ಹರವುತ್ತಿದ್ದಾಗ ಎತ್ತರದಿಂದ ಕಲ್ಲುನೆಲದ ಮೇಲೆ ಬಿದ್ದು, ಬಹುಕಾಲ ಚೇತರಿಸಿಕೊಳ್ಳದೆ, ಹನ್ನೊಂದನೆಯ ವಯಸ್ಸಿನವರೆಗೂ ಆ ಬಾಲಕ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಮಠವೊಂದರ ಅಧಿಪತಿಯಾಗಿದ್ದ ಧರ್ಮಪಿತನ ಬಳಿಯಲ್ಲಿ ತೋಟದ ಕೆಲಸ, ವ್ಯಾಯಾಮ, ಓದು ಇವುಗಳಲ್ಲಿ ಅವನ ದೇಹ ಮತ್ತೆ ಗಟ್ಟಿಯಾಯಿತು. ಮಣ್ಣು ಅಗೆಯುವುದರಲ್ಲಿಯೂ ಮೈಮುರಿದು ಆಡುವುದರಲ್ಲಿಯೂ ಅಂದು ಹತ್ತಿದ ಪ್ರೀತಿ ಕೊನೆಯವರೆಗೂ ಅವರನ್ನು ಬಿಡಲಿಲ್ಲ.

ಮನೆತನದ ಮರ್ಯಾದೆಯಂತೆ ಹುಡುಗ ಪುರೋಹಿತನಾಗಬೇಕಿತ್ತು. ಅದಕ್ಕಾಗಿಯೇ ಧರ್ಮಶಿಕ್ಷಣದ ಶಾಲೆಗೆ ಸೇರಿದನು. ಆದರೆ ಅವು ರಷ್ಯದ ತರುಣರೆಲ್ಲರ ಮನಸ್ಸು ಕಲಕಿಹೋಗಿದ್ದ ದಿನಗಳು. ಮಿದುಳಿನ ಕ್ರಿಯೆಗಳೆಲ್ಲವೂ ಪ್ರತಿವರ್ತನೆಗಳೆಂದು ವಾದಿಸಿ ಸೆಚೆನೋವ್ ಎಂಬ ಶರೀರಶಾಸ್ತ್ರಜ್ಞ ೧೮೬೩ರಲ್ಲಿ ಬರೆದ ಪುಸ್ತಕ ಆ ತರುಣನ ಕೈಗೂ ಬಂದಿತು. ಲೂಯಿಸ್ ಎಂಬ ಇಂಗ್ಲಿಷ್ ಲೇಖಕನ ಶರೀರಶಾಸ್ತ್ರದ ಪುಸ್ತಕವೊಂದರಲ್ಲಿದ್ದ ಜೀರ್ಣಾಂಗಗಳ ಚಿತ್ರ ಅವನನ್ನು ಸೆರೆಹಿಡಿಯಿತು. ೧೮೭೦ರಲ್ಲಿ ಧರ್ಮಶಾಲೆಯನ್ನು ತೊರೆದು, ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯವನ್ನು ಸೇರಿದ್ದಾಯಿತು. ಮುಂದಿನ ೬೬ ವರ್ಷ ಅವರು ಓದಿದ್ದು, ದುಡಿದದ್ದು, ಕಡೆಗೆ ಕಣ್ಣು ಮುಚ್ಚಿದ್ದು ಬಹುಮಟ್ಟಿಗೆ ಆ ನಗರದಲ್ಲಿಯೇ.

೧೮೭೫ರಲ್ಲಿ ಪದವಿ, ೧೮೭೯ರಲ್ಲಿ ವೈದ್ಯನೆಂಬ ಅರ್ಹತೆ, ೧೮೮೩ರಲ್ಲಿ ಹೃದಯದ ನರಗಳನ್ನು ಕುರಿತ ಮಹಾಪ್ರಬಂಧ. ಆದರೆ ವಿದ್ಯೆ ಬೆಳೆದಂತೆ ಸಂಪಾದನೆ ಬೆಳೆಯಲಿಲ್ಲ. ೧೮೮೧ರಲ್ಲಿ ಸೆರಾಫಿಮಾ ಎಂಬ, ಉಪಾಧ್ಯಾಯಿನಿಯಾಗಿದ್ದ ವಿದ್ಯಾವಂತೆಯನ್ನು ವರಿಸಿದ ಪಾವ್ಲೋವರಿಗೆ ಮನೆ ಹಿಡಿದು ಸಂಸಾರ ಹೂಡುವ ಶಕ್ತಿಯೂ ಇರಲಿಲ್ಲ. ಮಗುವೊಂದು ಶೈಶವದಲ್ಲಿಯೇ ತೀರಿಕೊಂಡಿತು. ಬಡತನ ಕಂಡು ಮರುಗಿದ ಶಿಷ್ಯರು ಉಪನ್ಯಾಸದ ನೆಪದಲ್ಲಿ ಹಣ ಕೂಡಿಸಿಕೊಟ್ಟರೆ, ಗುರುಗಳು ಆ ಹಣದಿಂದ ಪ್ರಯೋಗಕ್ಕೆ ನಾಯಿಗಳನ್ನು ಕೊಂಡುತಂದರೆಂದು ಹೇಳುತ್ತಾರೆ. ಬೋತ್ಕಿನ್ ಎಂಬ ಹೆಸರಾಂತ ವೈದ್ಯರ ಆಶ್ರಯದಲ್ಲಿ, ಆಸ್ಪತ್ರೆಯ ಅಂಗಳದ ಮರದ ಸಣ್ಣ ಕಟ್ಟಡವೊಂದರಲ್ಲಿ ಅವರ ಪ್ರಯೋಗಗಳು ವರ್ಷಾನುಗಟ್ಟಲೆ ನಡೆದವು. ೧೮೮೪ರಿಂದ ೧೮೮೬ರವರೆಗೆ ಜರ್ಮನಿಯಲ್ಲಿ ಲುಡ್ವಿಗ್ ಮತ್ತು ಹೈಡನ್‌ಹೈನ್ ಎಂಬ ಆಚಾರ್ಯರ ಬಳಿ ಕಲಿತು ಬಂದರು. ೧೮೯೦ರಲ್ಲಿ, ನಲವತ್ತು ದಾಟಿದ ಮೇಲೆ, ಸೈನಿಕ ವೈದ್ಯಕೀಯ ಅಕಾಡೆಮಿಯಲ್ಲಿ ಪ್ರಾಧ್ಯಾಪಕ ಸ್ಥಾನ ಒದಗಿತು. ಮರುವರ್ಷ ಅದೇ ನಗರದಲ್ಲಿ ಹೊಸದಾಗಿ ಆರಂಭವಾಗಿದ್ದ ಪ್ರಾಯೋಗಿಕ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಶರೀರಶಾಸ್ತ್ರ ವಿಭಾಗವು ಅವರ ಕೈಸೇರಿತು. ನಮ್ಮ ಕಥೆ ನಡೆಯುವುದು ಅಲ್ಲಿ.

ಕಥೆಯನ್ನು ತಿಳಿಯಲು ದೇಹದೊಳಗಿನ ಒಂದು ಏರ್ಪಾಡನ್ನು ನೆನೆಯಬೇಕು. ಜಠರ ಮತ್ತು ಕರುಳುಗಳಿಂದ ಹೊರಟ ರಕ್ತ ಇತರ ಅಂಗಗಳ ರಕ್ತದಂತೆ ನೇರವಾಗಿ ಹೃದಯಕ್ಕೆ ಮರಳುವುದಿಲ್ಲ. ದ್ವಾರನಾಳವೆಂಬ ದೊಡ್ಡ ಸಿರೆಯ ಮೂಲಕ ಮೊದಲು ಯಕೃತ್ತನ್ನು ಹೊಕ್ಕು, ಅಲ್ಲಿನ ಸೂಕ್ಷ್ಮನಾಳಗಳಲ್ಲಿ ಹಾದು, ಆಮೇಲೆ ಮಹಾಸಿರೆಯನ್ನು ಸೇರುತ್ತದೆ. ಊರಿನೊಳಕ್ಕೆ ಬರುವ ಸರಕೆಲ್ಲ ಸುಂಕದ ಕಟ್ಟೆಯನ್ನು ಹಾದುಬರಬೇಕೆಂಬ ಕಟ್ಟಳೆಯಂತೆ ಇದು. ಆ ಕಟ್ಟೆಯನ್ನು ತಪ್ಪಿಸಿ ಸರಕು ಒಳಗೆ ಬಂದರೆ ಏನಾದೀತು?

ಈ ಪ್ರಶ್ನೆಗೆ ದಾರಿ ತೆರೆದವನು ಪಾವ್ಲೋವರಲ್ಲ. ನಿಕೊಲಾಯ್ ಎಕ್ ಎಂಬ ರಷ್ಯದ ಸೇನಾವೈದ್ಯ. ೧೮೭೭ರಲ್ಲಿ ಅವನು ನಾಯಿಗಳಲ್ಲಿ ದ್ವಾರನಾಳವನ್ನು ಮಹಾಸಿರೆಗೆ ಹೊಲಿದು ಸೇರಿಸಿ, ಯಕೃತ್ತಿಗೆ ಹೋಗುವ ದಾರಿಯನ್ನು ಕಟ್ಟಿಹಾಕಿದನು. ಎಂಟು ನಾಯಿಗಳಲ್ಲಿ ಉಳಿದದ್ದು ಒಂದು. ಅದೂ ಎರಡೂವರೆ ತಿಂಗಳ ಬಳಿಕ ಪ್ರಯೋಗಶಾಲೆಯಿಂದ ಓಡಿಹೋಯಿತು. ಪ್ರಾಣಿ ಬದುಕಬಲ್ಲದು, ಈ ಶಸ್ತ್ರಕ್ರಿಯೆಯನ್ನು ಮುಂದೆ ಮನುಷ್ಯರಿಗೂ ಮಾಡಬಹುದು ಎಂದು ಎಕ್ ಭಾವಿಸಿದನು. ಓಡಿಹೋದ ಆ ನಾಯಿಯ ಗತಿ ಏನಾಯಿತೆಂಬುದು ಯಾರಿಗೂ ತಿಳಿಯಲಿಲ್ಲ. ತಿಳಿದಿದ್ದರೆ ಅವನ ತೀರ್ಮಾನ ಬೇರೆಯಾಗುತ್ತಿತ್ತೇನೋ.

ಆ ಕೆಲಸವನ್ನು ಪಾವ್ಲೋವರು ಮತ್ತೆ ಕೈಗೆತ್ತಿಕೊಂಡರು. ಶಸ್ತ್ರಕ್ರಿಯೆಯಲ್ಲಿ ಅವರದು ಅಸಾಧಾರಣವಾದ ಕೈ. ಎಡಗೈಯ ಅಭ್ಯಾಸ, ಆದರೆ ಎರಡು ಕೈಗಳಿಗೂ ಸಮನಾದ ಚಳಕ. ಮಾಸೆನ್ ಎಂಬ ವೈದ್ಯರೊಡನೆ ಅವರು ಎಕ್‌ನ ವಿಧಾನವನ್ನು ತಿದ್ದಿದರು. ರಸಾಯನ ಪರೀಕ್ಷೆಯ ಹೊಣೆ ಅದೇ ಸಂಸ್ಥೆಯಲ್ಲಿದ್ದ ಪೋಲಿಷ್ ರಸಾಯನಶಾಸ್ತ್ರಜ್ಞ ನೆನ್ಸ್ಕಿ ಮತ್ತು ಅವರ ಸಹಾಯಕ ಹಾನ್ ಅವರದು. ಅನೇಕ ನಾಯಿಗಳು ಸತ್ತವು, ಕೆಲವು ಉಳಿದವು. ಉಳಿದವುಗಳನ್ನು ಪಾವ್ಲೋವರು ಬಿಟ್ಟುಬಿಡಲಿಲ್ಲ, ದಿನದಿನವೂ ನೋಡಿದರು. ೧೮೯೩ರಲ್ಲಿ ನಾಲ್ವರೂ ಕೂಡಿ ಪ್ರಕಟಿಸಿದ ಜರ್ಮನ್ ಪ್ರಬಂಧ ಆ ನೋಟದ ಫಲ.

ಅವರು ಕಂಡದ್ದು ಇದು. ಗಾಯ ಮಾಯ್ದು ನಾಯಿ ಎದ್ದು ಓಡಾಡತೊಡಗಿದ ಮೇಲೆ ಮೊದಲು ಬದಲಾಗುತ್ತಿದ್ದುದು ಅದರ ಸ್ವಭಾವ. ಸಾಧುವಾಗಿದ್ದ ನಾಯಿ ಸಿಡುಕಾಗುತ್ತಿತ್ತು; ಹೇಳಿದ ಮಾತು ಕೇಳುತ್ತಿದ್ದುದು ಹಟ ಹಿಡಿಯುತ್ತಿತ್ತು; ನೆಮ್ಮದಿಯಿಲ್ಲದೆ ಅಲೆದಾಡುತ್ತಿತ್ತು. ಬಳಿಕ ಹಿಂಗಾಲುಗಳ ಬಲ ಕುಂದಿ ತೂರಾಟ; ಆಮೇಲೆ ಕಣ್ಣು ಕಾಣದಿರುವುದು, ನೋವು ತಿಳಿಯದಿರುವುದು; ಕಡೆಗೆ ಸೆಳವು, ಮೈಮರೆವು, ಎಷ್ಟೋ ವೇಳೆ ಸಾವು. ಮಾಂಸ ತಿಂದ ನಾಯಿಗಳಲ್ಲಿ ಈ ಉಪದ್ರವ ಹೆಚ್ಚಾಗಿತ್ತು. ಹಾಲು, ರೊಟ್ಟಿಗಳಲ್ಲಿ ಇರಿಸಿದವುಗಳಲ್ಲಿ ಕಡಮೆ. ಒಮ್ಮೆ ಪೆಟ್ಟು ತಿಂದು ಚೇತರಿಸಿಕೊಂಡ ನಾಯಿ ಆಮೇಲೆ ಮಾಂಸವನ್ನು ತಾನಾಗಿಯೇ ದೂರವಿಡುತ್ತಿದ್ದುದೂ ಉಂಟು. ಅಂದರೆ ಮಾಂಸದ ಸತ್ತ್ವ ದೇಹದಲ್ಲಿ ಒಡೆದಾಗ ಏನೋ ಒಂದು ವಿಷ ಹುಟ್ಟುತ್ತದೆ. ಆರೋಗ್ಯದಲ್ಲಿ ಯಕೃತ್ತು ಅದನ್ನು ತಡೆದು ನಿರುಪದ್ರವಿಯಾಗಿಸುತ್ತದೆ. ಯಕೃತ್ತಿನ ತಡೆ ತಪ್ಪಿದಾಗ ಅದು ಮಿದುಳನ್ನು ಮುಟ್ಟುತ್ತದೆ.

ಆ ವಿಷ ಯಾವುದು? ಅಮೋನಿಯಾದಿಂದ ಹುಟ್ಟುವ ಕಾರ್ಬಾಮಿಕ್ ಆಮ್ಲದ ಲವಣವಿರಬೇಕೆಂದು ಅವರು ಮೊದಲು ಊಹಿಸಿದರು. ಊಹೆಯನ್ನೇ ಸತ್ಯವೆಂದು ಎತ್ತಿಹಿಡಿದು ಕೂಡಲಿಲ್ಲ. ೧೮೯೬ರಲ್ಲಿ ನೆನ್ಸ್ಕಿ, ಪಾವ್ಲೋವ್, ಜಲೆಸ್ಕಿ ಮೂವರೂ ಸೇರಿ ರಕ್ತದಲ್ಲಿನ ಅಮೋನಿಯಾವನ್ನೇ ಅಳೆದರು. ಕರುಳಿನಿಂದ ಯಕೃತ್ತಿಗೆ ಬರುವ ರಕ್ತದಲ್ಲಿ ಅಮೋನಿಯಾ ಇತರ ಕಡೆಗಿಂತ ಹಲವು ಪಟ್ಟು ಹೆಚ್ಚೆಂದು ಕಂಡುಬಂದಿತು. ಯಕೃತ್ತು ಆ ಅಮೋನಿಯಾವನ್ನು ಯೂರಿಯಾ ಎಂಬ ನಿರಪಾಯದ ವಸ್ತುವಾಗಿ ಮಾರ್ಪಡಿಸಿ ಮೂತ್ರದ ಮೂಲಕ ಹೊರಗೆ ಕಳುಹಿಸುತ್ತದೆಯೆಂಬುದು ಕ್ರಮೇಣ ದೃಢವಾಯಿತು. ಆ ಮಾರ್ಪಾಟಿನ ಮೆಟ್ಟಿಲುಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದವರು ೧೯೩೨ರಲ್ಲಿ ಜರ್ಮನಿಯ ಹಾನ್ಸ್ ಕ್ರೆಬ್ಸ್ ಮತ್ತು ಅವರ ಶಿಷ್ಯ ಹೆನ್ಸಲೈಟ್.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ನಾಯಿಯ ಸ್ವಭಾವ ಬದಲಾಯಿತೆಂದು ಹೇಳಬೇಕಾದರೆ ಅದರ ಮೊದಲಿನ ಸ್ವಭಾವ ಹೇಗಿತ್ತೆಂದು ತಿಳಿದಿರಬೇಕು. ಶಸ್ತ್ರಕ್ರಿಯೆ ಮುಗಿಸಿ, ಮಾರನೆಯ ದಿನ ಅಂಗಗಳನ್ನು ಕೊಯ್ದು ನೋಡುವ ಅಂದಿನ ಪದ್ಧತಿಯಲ್ಲಿ ಇದು ಸಾಧ್ಯವಿರಲಿಲ್ಲ. ಪಾವ್ಲೋವರ ಪದ್ಧತಿ ಬೇರೆ. ಗಾಯ ಮಾಯ್ದ ಪ್ರಾಣಿಯನ್ನು ತಿಂಗಳುಗಟ್ಟಲೆ ಸಾಕಿ, ಅದರ ಸಹಜ ಬಾಳಿನಲ್ಲಿಯೇ ಅದನ್ನು ಗಮನಿಸಬೇಕು. ಮನುಷ್ಯರಿಗೆ ಮಾಡಿದಷ್ಟೇ ಶುಚಿಯಾಗಿ ಶಸ್ತ್ರಕ್ರಿಯೆ ಮಾಡಿ, ಅಷ್ಟೇ ಎಚ್ಚರದಿಂದ ಶುಶ್ರೂಷೆ ಮಾಡಬೇಕು. ನಾಯಿಗಳಿಗೆ ಹೆಸರುಗಳಿದ್ದವು, ಒಂದೊಂದರ ಸ್ವಭಾವವೂ ಅವರಿಗೆ ಗೊತ್ತಿತ್ತು. ರಾಮನಗರದ ಕಡೆ ರೇಷ್ಮೆಹುಳು ಸಾಕುವ ಮನೆಗಳಲ್ಲಿ ಈ ಬಗೆಯ ಕಣ್ಣು ನಮಗೆ ಹೊಸದಲ್ಲ. ಹುಳು ಸೊಪ್ಪಿಗೆ ಬಾಯಿ ಹಾಕುವುದು ಒಂದಿಷ್ಟು ನಿಧಾನವಾದರೂ, ಮೈಯ ಬಣ್ಣ ಒಂದಿಷ್ಟು ಮಾಸಿದರೂ, ತಟ್ಟೆಯ ಮೇಲೆ ದಿನವೂ ಕೈಯಾಡಿಸುವವಳಿಗೆ ಅದು ಮೊದಲು ತಿಳಿಯುತ್ತದೆ. ಹೊರಗಿನಿಂದ ಬಂದ ಪಂಡಿತನಿಗೆ ತಿಳಿಯುವ ಹೊತ್ತಿಗೆ ಹೊತ್ತು ಮೀರಿರುತ್ತದೆ.

ನಾಯಿಗಳು ಪಟ್ಟ ಪಾಡನ್ನು ಮರೆಮಾಚಿ ಈ ಕಥೆಯನ್ನು ಹೇಳುವುದು ಪ್ರಾಮಾಣಿಕತೆಯಾಗದು. ಅವು ತಾವಾಗಿ ಒಪ್ಪಿ ಬಂದವಲ್ಲ. ಪಾವ್ಲೋವರಿಗೂ ಈ ವಿಷಯದಲ್ಲಿ ಮನಸ್ಸು ಪೂರ್ತಿ ನಿರಾಳವಾಗಿರಲಿಲ್ಲವೆಂದು ತೋರುತ್ತದೆ. ೧೯೩೫ರಲ್ಲಿ ಅವರ ಸಂಸ್ಥೆಯ ಆವರಣದಲ್ಲಿ ನಾಯಿಯ ಸ್ಮಾರಕವೊಂದನ್ನು ನಿಲ್ಲಿಸಲಾಯಿತು. ಅನಾದಿಯಿಂದ ಮನುಷ್ಯನ ಗೆಳೆಯನಾಗಿ ಬಂದ ಪ್ರಾಣಿ ಅವನ ವಿದ್ಯೆಗೂ ತನ್ನನ್ನು ತೆತ್ತುದಕ್ಕೆ ಅದು ಸಾಕ್ಷಿಯಾಗಿ ನಿಂತಿದೆ.

ಮುಂದಿನದು ಲೋಕಪ್ರಸಿದ್ಧವಾದ ಅಧ್ಯಾಯ. ಜೀರ್ಣಗ್ರಂಥಿಗಳ ಕಾರ್ಯವನ್ನು ಕುರಿತ ಉಪನ್ಯಾಸಗಳು ೧೮೯೭ರಲ್ಲಿ ಪುಸ್ತಕವಾಗಿ ಬಂದವು. ೧೯೦೪ರಲ್ಲಿ ಅದಕ್ಕಾಗಿ ನೊಬೆಲ್ ಪಾರಿತೋಷಕ ದೊರೆಯಿತು. ಆ ಗೌರವ ಪಡೆದ ಮೊದಲನೆಯ ರಷ್ಯನ್ ಅವರೇ. ಗಂಟೆಯ ಕಥೆಗಲ್ಲ, ಜೀರ್ಣಕ್ರಿಯೆಯ ಕೆಲಸಕ್ಕೆ ಅದು ಬಂದದ್ದೆಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಉಣಿಸು ಬಾಯಿಗೆ ಬೀಳುವ ಮುನ್ನವೇ, ಉಣಿಸುವವನ ಹೆಜ್ಜೆಯ ಸಪ್ಪಳಕ್ಕೇ ನಾಯಿ ಜೊಲ್ಲು ಸುರಿಸುವುದನ್ನು ಕಂಡು, ಅದನ್ನು ಪ್ರಯೋಗದ ತೊಡಕೆಂದು ತಳ್ಳದೆ ಹಿಂಬಾಲಿಸಿ ಹೋದ ಪಾವ್ಲೋವರು ಅನುಬಂಧಿತ ಪ್ರತಿವರ್ತನೆಯ ತತ್ತ್ವವನ್ನು ಮುಟ್ಟಿದರು. ಗಂಟೆಯೊಂದೇ ಅಲ್ಲ, ತಾಳಮಾಪಕ, ದೀಪ, ಚರ್ಮದ ಮೇಲಿನ ಸ್ಪರ್ಶ ಎಲ್ಲವನ್ನೂ ಬಳಸಿದರು. ಹೊಟ್ಟೆಯಿಂದ ಆರಂಭವಾದ ಅವರ ಯಾತ್ರೆ ಹೀಗೆ ಮಿದುಳಿಗೆ ಏರಿತು. ಎಕ್‌ನ ನಾಳಸಂಧಿಯ ನಾಯಿಗಳು ಆ ಎರಡು ಲೋಕಗಳ ನಡುವಣ ಸೇತುವೆಯನ್ನು ಅವರಿಗೆ ಮೊದಲೇ ತೋರಿಸಿದ್ದವು ಎನ್ನಬಹುದು.

ಕ್ರಾಂತಿಯ ವರ್ಷಗಳು ಬಂದವು. ನೊಬೆಲ್ ಹಣ ಕೈಬಿಟ್ಟುಹೋಯಿತು. ಹಸಿವಿನ ದಿನಗಳಲ್ಲಿ ಸಂಸ್ಥೆಯ ನೆಲದಲ್ಲಿ ತರಕಾರಿ ಬೆಳೆದುಕೊಂಡು, ಕೋಟು ಕಳಚದೆ ಕೊರೆಯುವ ಕೋಣೆಯಲ್ಲಿ ಕೆಲಸ ನಡೆಸಿದರು. ನಾಯಿಗಳು ಉಪವಾಸದಿಂದ ಸತ್ತವು. ೧೯೨೧ರ ಜನವರಿಯಲ್ಲಿ ಲೆನಿನ್ ಸಹಿಯ ವಿಶೇಷ ಆಜ್ಞೆಯೊಂದು ಅವರಿಗೂ ಅವರ ಪ್ರಯೋಗಶಾಲೆಗೂ ಬೇಕಾದ ಸೌಕರ್ಯಗಳನ್ನು ಒದಗಿಸಬೇಕೆಂದು ವಿಧಿಸಿತು. ಆದರೂ ಆ ಪ್ರಭುತ್ವದ ತಪ್ಪುಗಳನ್ನು ಬಹಿರಂಗವಾಗಿ ಖಂಡಿಸುವುದನ್ನು ಅವರು ಬಿಡಲಿಲ್ಲ. ಪುರೋಹಿತರ ಮಕ್ಕಳನ್ನು ಸೈನಿಕ ವೈದ್ಯಕೀಯ ಅಕಾಡೆಮಿಯಿಂದ ಹೊರಹಾಕಿದಾಗ, ತಾನೂ ಪುರೋಹಿತನ ಮಗನೆಂದು ಹೇಳಿ ಅಲ್ಲಿನ ಸ್ಥಾನವನ್ನು ತ್ಯಜಿಸಿದರು. ಅವರೇ ದೈವಭಕ್ತರಾಗಿರಲಿಲ್ಲವೆಂಬುದನ್ನು ನೆನೆದರೆ ಆ ತ್ಯಾಗದ ಬೆಲೆ ಇನ್ನೂ ಹೆಚ್ಚು.

೧೯೨೪ರ ಸೆಪ್ಟೆಂಬರಿನಲ್ಲಿ ನೇವಾ ನದಿ ಉಕ್ಕಿ ನಗರವನ್ನು ನುಗ್ಗಿತು. ಗೂಡುಗಳಲ್ಲಿದ್ದ ನಾಯಿಗಳು ಕುತ್ತಿಗೆಯವರೆಗೆ ನೀರಿನಲ್ಲಿ ನಿಂತು, ಕಡೆಯ ಗಳಿಗೆಯಲ್ಲಿ ಈಜಿ ಉಳಿದವು. ಆಮೇಲೆ ನೋಡಿದರೆ ಕೆಲವು ನಾಯಿಗಳ ಕಲಿಕೆಯೆಲ್ಲ ಅಳಿಸಿಹೋಗಿತ್ತು, ಸ್ವಭಾವ ತಿರುಗಿಹೋಗಿತ್ತು. ಅಲ್ಲಿಯೂ ಪಾವ್ಲೋವರು ಮೊದಲು ಕಂಡದ್ದು ನಡತೆಯ ಬದಲಾವಣೆಯನ್ನೇ. ೧೯೨೭ರಲ್ಲಿ ಪಿತ್ತದ ಕಲ್ಲಿಗಾಗಿ ಅವರಿಗೇ ಶಸ್ತ್ರಕ್ರಿಯೆಯಾಯಿತು. ಚೇತರಿಸಿಕೊಂಡ ಬಳಿಕ ತಮ್ಮ ಹೃದಯದ ಬಡಿತದಲ್ಲಿ ಕಂಡ ಏರುಪೇರನ್ನು ಅಭ್ಯಾಸದ ವಸ್ತುವನ್ನಾಗಿಸಿಕೊಂಡು ಒಂದು ಲೇಖನವನ್ನೇ ಬರೆದರು.

ಇತ್ತ ೧೮೯೩ರ ಪ್ರಬಂಧದ ಗತಿಯೇನಾಯಿತು? ಬಹುಕಾಲ ಅದು ಶರೀರಶಾಸ್ತ್ರಜ್ಞರ ಗ್ರಂಥಭಂಡಾರದಲ್ಲಿ ಉಳಿಯಿತು. ೧೯೪೫ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದ ಶಸ್ತ್ರವೈದ್ಯ ವಿಪಲ್ ಮತ್ತು ಅವರ ಸಂಗಡಿಗರು ಎಕ್‌ನ ಶಸ್ತ್ರಕ್ರಿಯೆಯನ್ನು ಮನುಷ್ಯರಿಗೆ ತಂದರು. ಯಕೃತ್ತು ಗಡುಸಾಗಿ, ಅನ್ನನಾಳದ ಸಿರೆಗಳು ಒಡೆದು ರಕ್ತ ಕಾರುವವರಿಗೆ ಅದು ಪ್ರಾಣದಾನವಾಯಿತು. ಆದರೆ ಅವರಲ್ಲಿ ಹಲವರಿಗೆ ಮುಂದೆ ಪಾವ್ಲೋವರ ನಾಯಿಗಳಿಗೆ ಬಂದ ಉಪದ್ರವವೇ ಬಂದಿತು: ಮುನಿಸು, ಮರೆವು, ಕೈನಡುಕ, ಮೈಮರೆವು. ೧೯೫೨ರಲ್ಲಿ ಬಾಸ್ಟನ್ ನಗರದ ವೈದ್ಯರು ಯಕೃತ್ತಿನ ರೋಗಿಗಳಿಗೆ ಅಮೋನಿಯಂ ಇದ್ದ ಔಷಧವನ್ನು ಕೊಟ್ಟಾಗ ಅದೇ ಮಂಕು ಕವಿದು, ಔಷಧ ನಿಲ್ಲಿಸಿದಾಗ ಕಳೆದದ್ದನ್ನು ಕಂಡರು. ೧೯೫೪ರಲ್ಲಿ ಲಂಡನ್ನಿನ ಷೀಲಾ ಷರ್ಲಾಕ್ ಎಂಬ ವೈದ್ಯೆ ತಮ್ಮ ಸಂಗಡಿಗರೊಡನೆ ಈ ಸ್ಥಿತಿಯನ್ನು ವಿವರವಾಗಿ ವರ್ಣಿಸಿ ಅದಕ್ಕೊಂದು ಹೆಸರು ಕೊಟ್ಟರು. ರಷ್ಯದ ನಾಯಿಗಳ ಕಥೆ ಮನುಷ್ಯರ ಕಥೆಯಾಯಿತು.

ಎಲ್ಲಕ್ಕಿಂತ ಭೀಕರವಾದದ್ದು ಯಕೃತ್ತು ಹಠಾತ್ತಾಗಿ ಸೋತಾಗ ಬರುವ ರೂಪ. ಮೊದಲು ಆರೋಗ್ಯದಿಂದಿದ್ದವನಿಗೆ ಕಾಮಾಲೆ ಕಾಣಿಸಿಕೊಂಡು, ಕೆಲವು ದಿನಗಳಲ್ಲಿ ಅಥವಾ ವಾರಗಳಲ್ಲಿ ಬುದ್ಧಿ ಮಂಕಾಗುತ್ತದೆ. ಕಲುಷಿತವಾದ ನೀರಿನಿಂದ ಬರುವ ‘ಎ’ ಮತ್ತು ‘ಇ’ ವರ್ಗದ ಹೆಪಟೈಟಿಸ್, ರಕ್ತದ ಮೂಲಕ ಬರುವ ‘ಬಿ’ ವರ್ಗದ್ದು, ಅಳತೆ ಮೀರಿ ನುಂಗಿದ ಪ್ಯಾರಸಿಟಮಾಲ್, ಕ್ಷಯದ ಕೆಲವು ಔಷಧಗಳು, ಕೆಲವು ಗಿಡಮೂಲಿಕೆಗಳು, ಕೆಲವು ಇಲಿಪಾಷಾಣಗಳಲ್ಲಿರುವ ಹಳದಿ ರಂಜಕ—ಇವೆಲ್ಲ ಅದರ ಕಾರಣಗಳು. ನಿಧಾನವಾಗಿ ಏರಿದ ಅಮೋನಿಯಾಕ್ಕೆ ಮಿದುಳು ಅಷ್ಟಿಷ್ಟು ಹೊಂದಿಕೊಳ್ಳಬಲ್ಲದು. ಥಟ್ಟನೆ ಏರಿದ್ದಕ್ಕೆ ಹೊಂದಿಕೊಳ್ಳಲಾರದು. ನರಕೋಶಗಳನ್ನು ಪೋಷಿಸುವ ಆಸ್ಟ್ರೋಸೈಟ್ ಎಂಬ ಜೀವಕೋಶಗಳು ಅಮೋನಿಯಾವನ್ನು ಹೀರಿ ಗ್ಲುಟಮಿನ್ ಆಗಿ ಪರಿವರ್ತಿಸುತ್ತವೆ, ಆ ಗ್ಲುಟಮಿನ್ ನೀರನ್ನು ಎಳೆದುಕೊಳ್ಳುತ್ತದೆ, ಕೋಶಗಳು ಬಾಯುತ್ತವೆ. ಬುರುಡೆ ಎಲುಬಿನ ಪೆಟ್ಟಿಗೆ, ಅದು ಹಿಗ್ಗದು. ಒಳಗೆ ಒತ್ತಡ ಏರಿ, ಉಸಿರನ್ನು ಆಳುವ ಮಿದುಳಿನ ಬುಡ ನಲುಗಿದರೆ ರೋಗಿ ಉಳಿಯುವುದಿಲ್ಲ.

ಆದ್ದರಿಂದ ಇಂದಿನ ತೀವ್ರನಿಗಾ ಘಟಕದಲ್ಲಿ ಎರಡು ಕೆಲಸಗಳು ಒಟ್ಟಿಗೆ ನಡೆಯುತ್ತವೆ: ಯಕೃತ್ತಿಗೆ ಚೇತರಿಸಿಕೊಳ್ಳಲು ಕಾಲಾವಕಾಶ ದೊರಕಿಸುವುದು, ಅಷ್ಟು ಕಾಲ ಮಿದುಳನ್ನು ಕಾಯುವುದು. ಹಾಸಿಗೆಯ ತಲೆಯ ಕಡೆಯನ್ನು ಸುಮಾರು ೩೦ ಡಿಗ್ರಿ ಎತ್ತರಿಸುತ್ತಾರೆ. ಎಚ್ಚರ ಬಹಳ ಕುಂದಿದವರಿಗೆ ಉಸಿರುನಾಳದಲ್ಲಿ ಕೊಳವೆಯಿಟ್ಟು ಯಂತ್ರದಿಂದ ಉಸಿರಾಡಿಸುತ್ತಾರೆ. ಗಾಢವಾದ ಲವಣದ್ರಾವಣ ಕೊಟ್ಟು ರಕ್ತದ ಸೋಡಿಯಂ ಅಂಶವನ್ನು ಒಂದಿಷ್ಟು ಏರಿಸಿ, ಮಿದುಳಿನ ನೀರನ್ನು ಹೊರಗೆಳೆಯುತ್ತಾರೆ. ರಕ್ತವನ್ನು ಯಂತ್ರದಲ್ಲಿ ಸತತವಾಗಿ ಸೋಸಿ ಅಮೋನಿಯಾವನ್ನು ತೆಗೆಯುತ್ತಾರೆ. ಕೆಲವೆಡೆ ರೋಗಿಯ ಪ್ಲಾಸ್ಮಾವನ್ನು ತೆಗೆದು ಹೊಸದನ್ನು ತುಂಬುತ್ತಾರೆ. ಸಕ್ಕರೆಯ ಅಂಶ ಕುಸಿಯದಂತೆ, ಜ್ವರ ಏರದಂತೆ, ಸೋಂಕು ತಗಲದಂತೆ ನೋಡಿಕೊಳ್ಳುತ್ತಾರೆ. ಪ್ಯಾರಸಿಟಮಾಲಿನ ವಿಷಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷವಿದೆ. ಬೇಗ ಕೊಟ್ಟಷ್ಟೂ ಫಲ ಹೆಚ್ಚು. ಇಷ್ಟರಿಂದಲೂ ಆಗದಿದ್ದರೆ ಕಡೆಯ ದಾರಿ ಬೇರೊಬ್ಬರ ಯಕೃತ್ತಿನ ಕಸಿ. ಅಮೆರಿಕದ ಥಾಮಸ್ ಸ್ಟಾರ್ಜಲ್ ೧೯೬೩ರಲ್ಲಿ ಮೊದಲು ಯತ್ನಿಸಿ, ೧೯೬೭ರಲ್ಲಿ ಸಾಧಿಸಿ ತೋರಿಸಿದ ಆ ವಿದ್ಯೆ ಈಗ ನಮ್ಮ ಬೆಂಗಳೂರಿನಲ್ಲಿಯೂ ನಡೆಯುತ್ತದೆ.

ಮಹಾಪುರುಷರ ಶೋಧಕ್ಕೂ ಅತಿಭಕ್ತಿ ಒಳ್ಳೆಯದಲ್ಲವೆಂಬುದಕ್ಕೆ ಇಲ್ಲಿಯೇ ಒಂದು ನಿದರ್ಶನವಿದೆ. ಮಾಂಸದಿಂದ ನಾಯಿಗೆ ಕೇಡಾಯಿತೆಂಬುದನ್ನೇ ಹಿಡಿದು, ಯಕೃತ್ತಿನ ದೀರ್ಘರೋಗಿಗಳಿಗೆ ದಶಕಗಳ ಕಾಲ ಪ್ರೋಟೀನನ್ನು ಕಡಿದುಹಾಕಲಾಯಿತು. ರೋಗಿಗಳು ಸೊರಗಿದರು. ಯಕೃತ್ತಿಗೆ ಆಗದಾಗ ಒಂದಿಷ್ಟು ಅಮೋನಿಯಾವನ್ನು ಮಾಂಸಖಂಡಗಳೇ ಹೀರಿಕೊಳ್ಳುತ್ತವೆ. ಉಪವಾಸದಿಂದ ಕರಗುವುದು ಆ ಖಂಡಗಳೇ. ೨೦೦೪ರಲ್ಲಿ ಬಾರ್ಸಿಲೋನಾದ ವೈದ್ಯರು ಪ್ರೋಟೀನ್ ಕಡಿದುದರಿಂದ ಲಾಭವಿಲ್ಲವೆಂದು ಪರೀಕ್ಷಿಸಿ ತೋರಿಸಿದರು. ನಾಯಿಯಲ್ಲಿ ಕಂಡ ಸತ್ಯ ಸುಳ್ಳಲ್ಲ. ಅದನ್ನು ಮನುಷ್ಯನಿಗೆ ಹಾಗೆಯೇ ಹೊಂದಿಸಿದ್ದು ತಪ್ಪು. ಕಾಮಾಲೆಯೆಂದೊಡನೆ ಉಪ್ಪು, ಎಣ್ಣೆ, ಬೇಳೆಯೆಲ್ಲವನ್ನೂ ಬಿಡಿಸಿ ಗಂಜಿಯ ಮೇಲಿರಿಸುವ ನಮ್ಮ ಪಥ್ಯಗಳನ್ನೂ ಈ ಬೆಳಕಿನಲ್ಲಿ ನೋಡಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಮಾತು ನಮ್ಮ ಮನೆಗಳಿಗೆ ಸಂಬಂಧಿಸಿದ್ದು. ಕಾಮಾಲೆಯಾದವರನ್ನು ನಾಟಿ ಔಷಧ ಕೊಡುವವರಲ್ಲಿಗೆ ಕರೆದೊಯ್ಯುವ ವಾಡಿಕೆ ನಮ್ಮ ಹಳ್ಳಿಗಳಲ್ಲಿ ಬಲವಾಗಿದೆ. ಕಾಮಾಲೆಗಳಲ್ಲಿ ಬಹುಪಾಲು ಯಾವ ಔಷಧವಿಲ್ಲದೆಯೂ ತಾವಾಗಿ ಗುಣವಾಗುವಂಥವು. ಆದ್ದರಿಂದ ಆ ಔಷಧಕ್ಕೆ ಕೀರ್ತಿ ಬಂದಿರುವುದರಲ್ಲಿ ಆಶ್ಚರ್ಯವಿಲ್ಲ. ಅಪಾಯವಿರುವುದು ಗುಣವಾಗದ ಆ ಕೆಲವರಲ್ಲಿ. ಅವರಲ್ಲಿ ಮೊದಲ ಎಚ್ಚರಿಕೆ ಕಣ್ಣಿನ ಹಳದಿಯಲ್ಲ, ಸ್ವಭಾವದ ಬದಲಾವಣೆ. ಹಗಲು ನಿದ್ರೆ, ಇರುಳು ಎಚ್ಚರ, ಕಾರಣವಿಲ್ಲದ ಕೋಪ, ಹೆಸರು ತಪ್ಪುವುದು, ದಿನ ಮರೆಯುವುದು, ಚಾಚಿದ ಕೈ ಪಟಪಟನೆ ಬಡಿಯುವುದು. ಜ್ವರದ ಬಳಲಿಕೆಯೆಂದೋ, ಗಾಳಿ ಸೋಕಿತೆಂದೋ, ಮೊಂಡುತನವೆಂದೋ ಇದನ್ನು ಕಡೆಗಣಿಸಿದ ಒಂದು ರಾತ್ರಿ ಜೀವದ ಬೆಲೆ ತೆರಿಸಬಹುದು. ನಿದ್ರೆ ಬರಲೆಂದು ನಿದ್ರೆಯ ಗುಳಿಗೆ ಕೊಡುವುದಂತೂ ಕೇಡಿನ ಮೇಲೆ ಕೇಡು. ರಾಮನಗರ, ಮಾಗಡಿ, ಕನಕಪುರ, ಚನ್ನಪಟ್ಟಣಗಳಿಂದ ಬೆಂಗಳೂರು ಐವತ್ತು ಅರವತ್ತು ಕಿಲೋಮೀಟರುಗಳ ದಾರಿ. ಆ ದಾರಿಯನ್ನು ರೋಗಿ ಎಚ್ಚರವಿದ್ದಾಗಲೇ ಕ್ರಮಿಸಿದರೆ ಉಳಿಯುವ ಆಸೆ ಹೆಚ್ಚು. ಈ ಬದಲಾವಣೆಯನ್ನು ಮೊದಲು ಕಾಣಬಲ್ಲವರು ವೈದ್ಯರಲ್ಲ; ರೋಗಿಯ ದಿನನಿತ್ಯದ ಮಾತು, ನಗೆ, ಮುನಿಸುಗಳನ್ನು ಬಲ್ಲ ತಾಯಿ, ಹೆಂಡತಿ, ಅಣ್ಣತಮ್ಮಂದಿರು. ಮನೆಯ ಹುಡುಗನಾದರೆ, ಅವನನ್ನು ದಿನವೂ ನೋಡುವ ಶಾಲೆಯ ಉಪಾಧ್ಯಾಯರು.

ಪಾವ್ಲೋವರ ಕೊನೆಯ ವರ್ಷಗಳಲ್ಲಿ ದುಃಖಗಳು ಕಡಮೆಯಿರಲಿಲ್ಲ. ಪ್ರಾಯಕ್ಕೆ ಬಂದ ಇಬ್ಬರು ಗಂಡುಮಕ್ಕಳ ಸಾವನ್ನು ಅವರು ಕಂಡರು. ೧೯೩೫ರಲ್ಲಿ, ಆಗ ಲೆನಿನ್‌ಗ್ರಾಡ್ ಎನಿಸಿದ್ದ ತಮ್ಮ ನಗರದಲ್ಲಿ ನೆರೆದ ಶರೀರಶಾಸ್ತ್ರಜ್ಞರ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ, ಯುದ್ಧದ ಮೋಡಗಳ ಕೆಳಗೆ ಶಾಂತಿಯ ಮಾತನ್ನಾಡಿದರು. ಮರುವರ್ಷದ ಫೆಬ್ರವರಿಯಲ್ಲಿ ಶ್ವಾಸಕೋಶದ ಉರಿಯೂತ ಹಿಡಿಯಿತು. ಕಡೆಯ ದಿನಗಳಲ್ಲಿ ಅವರು ತಮ್ಮ ಮಿದುಳು ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂದೂ, ಬೇಡದ ಭಾವನೆಗಳೂ ಇಚ್ಛೆಯಿಲ್ಲದ ಚಲನೆಗಳೂ ತೋರುತ್ತಿವೆಯೆಂದೂ ತಾವೇ ಗುರುತಿಸಿ, ನರರೋಗಗಳ ತಜ್ಞರೊಬ್ಬರನ್ನು ಕರೆಸಿ ಆ ವಿಷಯವನ್ನು ಚರ್ಚಿಸಿದರೆಂದು ಹೇಳುತ್ತಾರೆ. ನಾಯಿಗಳ ನಡತೆಯಲ್ಲಿ ಅಣುವಿನಷ್ಟು ವ್ಯತ್ಯಾಸವನ್ನೂ ಬಿಡದೆ ಕಂಡ ಕಣ್ಣು ತನ್ನೊಳಗೂ ಅದನ್ನೇ ಹುಡುಕಿತು. ೧೯೩೬ರ ಫೆಬ್ರವರಿ ೨೭ರಂದು ಆ ಕಣ್ಣು ಮುಚ್ಚಿತು.

ಗಂಟೆಯ ಕಥೆಯನ್ನು ತರಗತಿಯಲ್ಲಿ ಹೇಳುವ ಉಪಾಧ್ಯಾಯರು ಅದರೊಡನೆ ಈ ಇನ್ನೊಂದು ಕಥೆಯನ್ನೂ ಹೇಳಿದರೆ ಪಾಠ ಐದು ನಿಮಿಷ ಉದ್ದವಾದೀತು, ಅಷ್ಟೆ. ಕೇಳಿದ ಮಕ್ಕಳಲ್ಲಿ ಯಾವನೋ ಒಬ್ಬ ಮುಂದೊಂದು ದಿನ, ಮನೆಯಲ್ಲಿ ಕಾಮಾಲೆಯಿಂದ ಮಲಗಿದ ಅಣ್ಣನ ಮಾತು ಹಿಂದಿನಂತಿಲ್ಲವೆಂದು ಗುರುತಿಸಿ ಹಿರಿಯರನ್ನು ಎಚ್ಚರಿಸಿದರೆ, ಆ ಐದು ನಿಮಿಷಕ್ಕೆ ಅದಕ್ಕಿಂತ ಹೆಚ್ಚಿನ ಫಲ ಬೇಕಿಲ್ಲ.